ಕಷಾಯದ ಪಾತ್ರೆಗೆ ಬಿದ್ದ ಎಲೆ

ಮಸಾಲೆ ಚಹಾದ ಹುಟ್ಟಿನ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಸಾವಿರಾರು ವರ್ಷಗಳ ಹಿಂದೆ ಯಾವನೋ ರಾಜನ ಅಡುಗೆಮನೆಯಲ್ಲಿ ಇದು ಮೊದಲು ಕುದಿಯಿತು ಎಂಬುದು ಒಂದು. ಪರದೇಶಗಳಲ್ಲಿ ಮಾರುವ ಪೊಟ್ಟಣಗಳಿಗೂ ಜಾಹೀರಾತುಗಳಿಗೂ ಈ ಕಥೆ ಬಹಳ ಪ್ರಿಯ. ಚಹಾ ಎಂಬುದೇ ಬ್ರಿಟಿಷರು ಹಚ್ಚಿಸಿದ ಚಟ, ಶುಂಠಿ ಏಲಕ್ಕಿಗಳು ಅದಕ್ಕೆ ನಾವು ಆಮೇಲೆ ಕೊಟ್ಟ ಒಗ್ಗರಣೆ ಎಂಬುದು ಇನ್ನೊಂದು. ಇದು ಓದಿಕೊಂಡವರ ಕಥೆ. ಮೊದಲನೆಯದನ್ನು ಹೆಚ್ಚು ಹೊತ್ತು ವಿಚಾರಿಸಬೇಕಾಗಿಲ್ಲ. ಚರಕ, ಸುಶ್ರುತರ ಸಂಹಿತೆಗಳಲ್ಲಿ ನೂರಾರು ಗಿಡಮೂಲಿಕೆಗಳ ಹೆಸರಿದೆ, ಚಹಾದ ಹೆಸರಿಲ್ಲ. ಎರಡನೆಯದು ಮುಕ್ಕಾಲು ಪಾಲು ನಿಜ. ಹಾಗಾಗಿಯೇ ಅದರ ಉಳಿದ ಕಾಲು ಭಾಗದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲೆ ಬಂದ ದಾರಿಯನ್ನು, ಅದನ್ನು ಮಾರಿದವರ ಲೆಕ್ಕವನ್ನು ಈ ಕಥೆ ಚೆನ್ನಾಗಿಯೇ ಹೇಳುತ್ತದೆ. ಆದರೆ ಎಲೆ ಬಂದು ಬಿದ್ದ ಪಾತ್ರೆ ಮೊದಲೇ ಒಲೆಯ ಮೇಲಿತ್ತು, ಅದರಲ್ಲಿ ಶುಂಠಿ, ಮೆಣಸು ಆಗಲೇ ಕುದಿಯುತ್ತಿದ್ದವು ಎಂಬುದನ್ನು ಅದು ಮರೆಯುತ್ತದೆ. ನಮ್ಮಲ್ಲಿ ಚಹಾಕ್ಕೆ ಮಸಾಲೆ ಸೇರಿತು ಎನ್ನುವುದಕ್ಕಿಂತ ಕಷಾಯಕ್ಕೆ ಚಹಾ ಸೇರಿತು ಎಂದರೆ ಇತಿಹಾಸಕ್ಕೆ ಹತ್ತಿರವಾಗುತ್ತದೆ. ಕ್ರಮ ಹೀಗೆ ತಿರುಗಿದರೆ ಮನೆಮನೆಯ ಚಹಾದಲ್ಲಿ ಕಾಣುವ ಎಷ್ಟೋ ವಿಚಿತ್ರಗಳಿಗೆ ಕಾರಣವೂ ಸಿಗುತ್ತದೆ.

ಇದಕ್ಕೆ ಹಳೆಯ ಸಾಕ್ಷಿ ಸೂರತ್ ಬಂದರಿನದು. 1638ರಲ್ಲಿ ಅಲ್ಲಿಗೆ ಬಂದ ಮ್ಯಾಂಡೆಲ್ಸ್‌ಲೋ ಎಂಬ ಜರ್ಮನ್ ಪ್ರವಾಸಿ, ಇಲ್ಲಿನವರೂ ಇಲ್ಲಿ ನೆಲೆಸಿದ ಡಚ್ಚರು, ಇಂಗ್ಲಿಷರೂ ಚಹಾ ಕುಡಿಯುತ್ತಾರೆ, ಹೊಟ್ಟೆ ಶುದ್ಧಿಗೆ ಅದು ಒಳ್ಳೆಯದೆಂದು ನಂಬುತ್ತಾರೆ ಎಂದು ಬರೆದ. ಅರ್ಧ ಶತಮಾನದ ನಂತರ, 1689ರಲ್ಲಿ, ಅದೇ ಊರಿಗೆ ಹಡಗಿನ ಪಾದ್ರಿಯಾಗಿ ಬಂದ ಜಾನ್ ಓವಿಂಗ್ಟನ್ ಇನ್ನಷ್ಟು ವಿವರ ಕೊಟ್ಟ. ಬನಿಯಾ ವರ್ತಕರು ಚಹಾದ ನೀರಿಗೆ ಖಾರದ ಮಸಾಲೆ ಹಾಕಿ ಕುದಿಸುತ್ತಾರೆ. ತಲೆನೋವಿಗೆ, ಮೂತ್ರದ ಕಲ್ಲಿಗೆ, ಹೊಟ್ಟೆ ನುಲಿತಕ್ಕೆ ಅದು ಮದ್ದೆನ್ನುತ್ತಾರೆ. ಸಾಮಾನ್ಯರು ಕಲ್ಲುಸಕ್ಕರೆಯ ಜೊತೆ, ಇನ್ನಷ್ಟು ರುಚಿ ಬಲ್ಲವರು ಸಕ್ಕರೆಯಲ್ಲಿ ಹಾಕಿಟ್ಟ ಪುಟ್ಟ ನಿಂಬೆಹಣ್ಣಿನ ಜೊತೆ ಕುಡಿಯುತ್ತಾರೆ ಎಂಬುದು ಅವನ ವರದಿ. ಆಗ ಅಸ್ಸಾಮಿನಲ್ಲಿ ತೋಟಗಳಿರಲಿಲ್ಲ; ಎಲೆ ಚೀನಾದಿಂದ ಹಡಗಿನಲ್ಲಿ ಬರುತ್ತಿತ್ತು. ಒಂದು ಊರಿನ, ಒಂದು ಸಮುದಾಯದ ಬಗ್ಗೆ ಒಬ್ಬ ಪರದೇಶಿ ಬರೆದ ಮಾತನ್ನು ಹಿಡಿದು ಇಡೀ ದೇಶದ ಮೇಲೆ ತೀರ್ಪು ಕೊಡಬಹುದೇ ಎಂದು ಕೇಳಬಹುದು. ಕೊಡಬಾರದು. ಸೂರತ್ತಿನ ಬನಿಯಾಗಳಿಂದ ಇವತ್ತಿನ ಗಾಡಿಯಂಗಡಿಯವರೆಗೆ ಒಂದೇ ಎಳೆಯ ಪರಂಪರೆ ಹರಿದು ಬಂದಿದೆ ಎಂದು ತೋರಿಸಲು ಆಧಾರವಿಲ್ಲ. ಊರೊಳಗಿನ ಸಾಮಾನ್ಯ ಮನೆಗಳಿಗೆ ಆ ಎಲೆ ಎಟುಕುತ್ತಲೂ ಇರಲಿಲ್ಲ. ಓವಿಂಗ್ಟನ್ನನ ಸಾಕ್ಷ್ಯದ ಬೆಲೆ ಬೇರೆ ಕಡೆ ಇದೆ. ಹೊಸ ಎಲೆಯೊಂದು ಕೈಗೆ ಬಂದಾಗ, ಹೇಳಿಕೊಡುವವರು ಯಾರೂ ಇಲ್ಲದಿದ್ದಾಗ, ಇಲ್ಲಿನ ಮನೆಯೊಂದು ಅದನ್ನು ಏನು ಮಾಡಿತು ಎಂಬುದನ್ನು ಅದು ತೋರಿಸುತ್ತದೆ. ಮಸಾಲೆಯ ಜೊತೆ ಕುದಿಸಿತು, ಸಿಹಿ ಸೇರಿಸಿತು, ಯಾವ ಯಾವ ಬೇನೆಗೆ ಆಗುತ್ತದೆ ಎಂದು ಪಟ್ಟಿ ಮಾಡಿತು. ಕಷಾಯದ ಜೊತೆ ನಡೆದುಕೊಳ್ಳುವ ರೀತಿಯೇ ಅದು.

ಕಷಾಯವೆಂದರೆ ಸಿಕ್ಕಿದ್ದನ್ನೆಲ್ಲ ನೀರಿಗೆ ಹಾಕಿ ಕಾಯಿಸುವುದಲ್ಲ, ಅದಕ್ಕೊಂದು ಶಾಸ್ತ್ರವಿದೆ. ಮಧ್ಯಯುಗದ ಶಾರ್ಙ್ಗಧರ ಸಂಹಿತೆ ಅದನ್ನು ಅಳತೆಯ ಸಮೇತ ಹೇಳುತ್ತದೆ: ಕುಟ್ಟಿದ ದ್ರವ್ಯ ಒಂದು ಪಾಲು, ನೀರು ಹದಿನಾರು ಪಾಲು, ಎಂಟನೇ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸು. ಇದು ಕ್ವಾಥ. ಇದರ ಪಕ್ಕದಲ್ಲೇ ಇನ್ನೆರಡು ವಿಧಾನಗಳಿವೆ. ಪುಡಿಯ ಮೇಲೆ ಬಿಸಿನೀರು ಹೊಯ್ದು, ಕಿವುಚಿ ಸೋಸುವುದು ಫಾಂಟ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟು ಬೆಳಗ್ಗೆ ಸೋಸುವುದು ಹಿಮ. ಗಟ್ಟಿ ಬೇರು ಚಕ್ಕೆಗಳಿಗೆ ಕ್ವಾಥ ಸರಿ, ಪರಿಮಳದ ಹೂವು ಚಿಗುರುಗಳಿಗೆ ಫಾಂಟವೋ ಹಿಮವೋ ಸರಿ, ಏಕೆಂದರೆ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಇಂಗ್ಲಿಷರ ಟೀಪಾಟ್ ಮಾಡುವುದು ಫಾಂಟದ ಕೆಲಸವನ್ನೇ. ಹಾಗಿದ್ದ ಮೇಲೆ ಎಲೆಯ ಮೇಲೆ ಬಿಸಿನೀರು ಹೊಯ್ಯುವುದು ಭಾರತೀಯರಿಗೆ ಗೊತ್ತಿರಲಿಲ್ಲ, ಕುದಿಸಿದ್ದು ಅಜ್ಞಾನದಿಂದ ಎಂಬ ಹಳೆಯ ಆರೋಪ ನಿಲ್ಲುವುದಿಲ್ಲ. ಎರಡೂ ದಾರಿ ಗೊತ್ತಿದ್ದ ಕಡೆ ಒಂದನ್ನು ಆರಿಸಿಕೊಂಡಿದ್ದಾರೆ. ಪಂಡಿತರ ಗ್ರಂಥದಿಂದ ಅಡುಗೆಮನೆಗೆ ಬಂದರೂ ಚಿತ್ರ ಬದಲಾಗುವುದಿಲ್ಲ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು, ಒಣಶುಂಠಿ, ಏಲಕ್ಕಿಗಳನ್ನು ಹುರಿದು ಪುಡಿ ಮಾಡಿ ಡಬ್ಬದಲ್ಲಿ ಇಟ್ಟುಕೊಳ್ಳುವ ರೂಢಿ ಇದೆ. ಚಮಚ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ, ಹಾಲು ಹೊಯ್ದು, ಸೋಸಿ ಕೊಟ್ಟರೆ ಕಷಾಯ. ಹಿತ್ತಲಲ್ಲಿ ಮಜ್ಜಿಗೆಹುಲ್ಲು ಇದ್ದರೆ ಎರಡು ಗರಿ ಅದಕ್ಕೆ. ಜ್ವರಕ್ಕೆ ಮಾತ್ರ ಎಂದಲ್ಲ, ಮಳೆಗಾಲದ ಸಂಜೆಗೂ ಬಂದ ನೆಂಟರಿಗೂ ಅದೇ. ಆ ಪಾತ್ರೆಯನ್ನು ಒಮ್ಮೆ ಲಕ್ಷ್ಯವಿಟ್ಟು ನೋಡಿದರೆ ಸಾಕು. ನೀರು, ಕುಟ್ಟಿದ ಮಸಾಲೆ, ಸಿಹಿ, ಕುದಿ, ಹಾಲು, ಸೋಸಣಿಗೆ, ಲೋಟ: ಚಹಾದ ಸಕಲ ಸಲಕರಣೆಗಳೂ ಅಲ್ಲಿ ಸಿದ್ಧವಾಗಿವೆ. ಇಲ್ಲದ್ದು ಎಲೆ ಒಂದೇ.

ಆ ಎಲೆಯನ್ನು ತಂದುಕೊಟ್ಟವರು ಮಾತ್ರ ನಿಸ್ಸಂದೇಹವಾಗಿ ತೋಟದ ಮಾಲೀಕರು. 1823ರಲ್ಲಿ ರಾಬರ್ಟ್ ಬ್ರೂಸ್ ಅಸ್ಸಾಮಿನ ಸಿಂಗ್ಫೋ ಜನರ ನಡುವೆ ಕಾಡು ಚಹಾ ಗಿಡದ ಸುಳಿವು ಹಿಡಿದದ್ದು, 1834ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಚಹಾ ಸಮಿತಿ ಮಾಡಿದ್ದು, 1839ರಲ್ಲಿ ಅಸ್ಸಾಮಿನ ಮೊದಲ ಪೆಟ್ಟಿಗೆಗಳು ಲಂಡನ್ನಿನಲ್ಲಿ ಹರಾಜಾದದ್ದು, ಕೂಲಿಗಳ ಬೆನ್ನಮೇಲೆ ತೋಟಗಳು ಎದ್ದದ್ದು, ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ಇಲ್ಲಿ ಮುಖ್ಯವಾದದ್ದು, ಆ ಅರವತ್ತು ಎಪ್ಪತ್ತು ವರ್ಷ ಚಹಾ ಈ ದೇಶದಲ್ಲಿ ಬೆಳೆದು ಈ ದೇಶವನ್ನು ಬಿಟ್ಟು ಹೋಗುತ್ತಿತ್ತು ಎಂಬುದು. ಇಲ್ಲಿನವರಿಗೆ ಕುಡಿಸುವ ಯೋಚನೆಗೆ ಸರ್ಕಾರದ ಮುದ್ರೆ ಬಿದ್ದದ್ದು 1903ರಲ್ಲಿ, ವೈಸರಾಯ್ ಕರ್ಜನ್ ಕಾಲದ ಚಹಾ ಸೆಸ್ ಕಾನೂನಿನಿಂದ. ರಫ್ತಾಗುವ ಚಹಾದ ಮೇಲೆ ಸಣ್ಣ ತೆರಿಗೆ, ಆ ಹಣದಿಂದ ದೇಶದ ಒಳಗೂ ಹೊರಗೂ ಪ್ರಚಾರ. ಮೊದಲ ಮಹಾಯುದ್ಧದ ಹೊತ್ತಿಗೆ ಗಿರಣಿ, ಗಣಿ, ಕಾರ್ಖಾನೆಗಳ ಬಾಗಿಲಲ್ಲಿ ಚಹಾ ಅಂಗಡಿಗಳು ಎದ್ದವು. ರೈಲು ನಿಲ್ದಾಣಗಳಿಗೆ ಕೆಟಲು ಹಿಡಿದ ಮಾರಾಟಗಾರರು ಬಂದರು. 1930ರ ದಶಕದ ಆರ್ಥಿಕ ಕುಸಿತ ಈ ಕೆಲಸಕ್ಕೆ ತುರ್ತು ತಂದಿತು. ಪೇಟೆಯಲ್ಲಿ ಬೆಲೆ ಬಿದ್ದು, 1933ರಲ್ಲಿ ಭಾರತ, ಸಿಲೋನ್, ಡಚ್ ಈಸ್ಟ್ ಇಂಡೀಸ್ ಸೇರಿ ರಫ್ತಿಗೆ ಮಿತಿ ಹಾಕಿಕೊಂಡ ಮೇಲೆ ಮಿಕ್ಕ ಎಲೆಗೆ ಬಾಯಿ ಬೇಕಿತ್ತು. 1937ರಲ್ಲಿ ಆ ತೆರಿಗೆಯ ಹಣ ನೋಡಿಕೊಳ್ಳುತ್ತಿದ್ದ ಸೆಸ್ ಸಮಿತಿಗೆ ಮಾರುಕಟ್ಟೆ ವಿಸ್ತರಣಾ ಮಂಡಳಿ ಎಂಬ ಹೊಸ ಹೆಸರೇ ಬಂತು. ಮಂಡಳಿಯ ಪ್ರಚಾರಕರು ಓಣಿ ಓಣಿ ತಿರುಗಿದರು, ಬಿಟ್ಟಿ ಚಹಾ ಹಂಚಿದರು, ಕಾಸಿಗೊಂದು ಪೊಟ್ಟಣ ಮಾರಿದರು, ಒಳಮನೆಗೆ ಹೋಗಿ ಹೆಂಗಸರಿಗೆ ಮಾಡಿ ತೋರಿಸಿದರು.

ಅವರು ಮಾಡಿ ತೋರಿಸಿದ್ದು ಏನನ್ನು? ದೇಶಭಾಷೆಗಳಲ್ಲಿ ಎನಾಮೆಲ್ ಹಲಗೆಗಳನ್ನು ಬರೆಸಿ ನಿಲ್ದಾಣಗಳಲ್ಲಿ ಮೊಳೆ ಹೊಡೆದು ನಿಲ್ಲಿಸಿದ ಆ ಪಾಠ ಟೀಪಾಟಿನ ಪಾಠ. ಹೊಸ ನೀರು ಕಾಯಿಸು. ಪಾಟನ್ನು ಮೊದಲು ಬೆಚ್ಚಗೆ ಮಾಡಿಕೋ. ಎಲೆಯನ್ನು ಅಳೆದು ಹಾಕು. ಕುದಿನೀರನ್ನು ಎಲೆಯ ಮೇಲೆ ಹೊಯ್ದು ಮುಚ್ಚಿಡು. ಐದು ನಿಮಿಷದ ಮೇಲೆ ಕಪ್ಪಿಗೆ ಬಗ್ಗಿಸಿ ಆಮೇಲೆ ಹಾಲು ಸಕ್ಕರೆ ಸೇರಿಸು. ಎಲೆಯನ್ನು ಒಲೆಯ ಮೇಲೆ ಕುದಿಸಬಾರದು ಎಂಬುದು ಇದರ ಬೀಜಮಂತ್ರ. ಶುಂಠಿ, ಏಲಕ್ಕಿಗೆ ಈ ಪಾಠದಲ್ಲಿ ಜಾಗವಿಲ್ಲ. ಜನ ಚಹಾವನ್ನು ಒಪ್ಪಿಕೊಂಡರು, ಪಾಠವನ್ನು ಬಿಟ್ಟರು. ಮಾರಾಟಗಾರರಿಗೆ ಎಷ್ಟು ಹೇಳಿಕೊಟ್ಟರೂ ಹಾಲು ಸಕ್ಕರೆಯನ್ನು ಸುರಿದು ತಮ್ಮದೇ ರೀತಿಯಲ್ಲಿ ಮಾಡುತ್ತಾರೆ ಎಂಬ ಗೊಣಗು ಉದ್ಯಮದ ಕಡೆಯಿಂದ ಬರುತ್ತಲೇ ಇತ್ತು. ಚಹಾದ ವೈರಿಗಳೂ ಈ ಒಂದು ವಿಷಯದಲ್ಲಿ ತೋಟದವರ ಪಕ್ಷ ಎಂಬುದು ತಮಾಷೆಯ ಸಂಗತಿ. ಗಾಂಧೀಜಿ 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಚಹಾವನ್ನು ಬೇಡವೆಂದರು. ಅವರಿಗೆ ಹೆಚ್ಚು ಭಯವಿದ್ದದ್ದು ನಮ್ಮಲ್ಲಿ ಮಾಡುವ ರೀತಿಯಿಂದ ಎಲೆಯ ಟ್ಯಾನಿನ್ ಇಳಿದು ಹೊಟ್ಟೆಗೆ ಸೇರುವುದರ ಬಗ್ಗೆ. ಕುದಿಸಬೇಡಿ ಎಂದು ಮಾರುವವರೂ ಹೇಳಿದರು, ಬೇಡವೆಂದವರೂ ಹೇಳಿದರು. ಅಡುಗೆಮನೆ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾಕೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಬಡತನ. ಒಳ್ಳೆಯ ಎಲೆ ರಫ್ತಾಗುತ್ತಿತ್ತು, ಇಲ್ಲಿ ಉಳಿಯುತ್ತಿದ್ದದ್ದು ನುಚ್ಚು ಮತ್ತು ಧೂಳು. ಅದನ್ನೂ ಕಡಿಮೆ ಹಾಕಿ ಗಟ್ಟಿ ಮಾಡಬೇಕಾದರೆ ಕುದಿಸಲೇಬೇಕು, ಕುದಿಸಿದ ಒಗರನ್ನು ಮುಚ್ಚಲು ಹಾಲು, ಸಕ್ಕರೆ, ಶುಂಠಿ ಬೇಕು. ಈ ವಾದದಲ್ಲಿ ಹುರುಳಿದೆ. 1930ರ ಸುಮಾರಿಗೆ ಅಸ್ಸಾಮಿನ ಅಮ್ಗೂರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿ ಸಾಸಿವೆಯಂಥ ಕಾಳುಗಳನ್ನಾಗಿ ಮಾಡಿತು. ಸ್ವಾತಂತ್ರ್ಯಾನಂತರ, ಅದರಲ್ಲೂ ಅರವತ್ತು ಎಪ್ಪತ್ತರ ದಶಕಗಳಲ್ಲಿ, ಅದು ಎಲ್ಲ ಕಡೆ ಹರಡಿತು. ಒಂದು ಕಿಲೋ ಸಿಟಿಸಿಯಿಂದ ಸಿಗುವ ಲೋಟಗಳು ಹಳೆಯ ಸುರುಳಿ ಎಲೆಗಿಂತ ಬಹಳ ಹೆಚ್ಚು, ಬಣ್ಣವೂ ಗಾಢ. ಚಹಾ ನಿಜವಾದ ಅರ್ಥದಲ್ಲಿ ಹಳ್ಳಿಯ ಕಟ್ಟೆಗೆ ಬಂದದ್ದು ಪ್ರಚಾರದ ಹಲಗೆಗಳಿಂದಲ್ಲ, ಈ ಅಗ್ಗದ ಕಾಳಿನಿಂದ. ಇಷ್ಟನ್ನು ಒಪ್ಪಿಕೊಂಡರೂ ಬಡತನದ ವಾದ ಕುದಿಯನ್ನು ವಿವರಿಸುವಷ್ಟು ಚೆನ್ನಾಗಿ ಮಸಾಲೆಯನ್ನು ವಿವರಿಸುವುದಿಲ್ಲ. ಶುಂಠಿ ಅಗ್ಗ, ಸರಿ. ಏಲಕ್ಕಿ ಯಾವ ಕಾಲದಲ್ಲಿ ಅಗ್ಗವಾಗಿತ್ತು? ಚಹಾಪುಡಿಯನ್ನು ಉಳಿಸಲು ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯ ಏಲಕ್ಕಿಯನ್ನು ಯಾರೂ ಜಜ್ಜಿ ಹಾಕುವುದಿಲ್ಲ. ಕೈಯಲ್ಲಿ ಕಾಸು ಓಡಾಡುವ ಮನೆಗಳೇ ಮಸಾಲೆಯನ್ನು ಹೆಚ್ಚು ಮಾಡಿದವು, ಕಡಿಮೆ ಮಾಡಲಿಲ್ಲ. ಕಾಶ್ಮೀರದ ಕಹ್ವಾ ಈ ವಾದಕ್ಕೆ ಇನ್ನೊಂದು ಅಡ್ಡಿ. ಅಲ್ಲಿ ಹಸಿರು ಎಲೆ, ಹಾಲಿಲ್ಲ, ಸಿಟಿಸಿ ಇಲ್ಲ. ದಾಲ್ಚಿನ್ನಿ, ಏಲಕ್ಕಿ, ಕೇಸರಿ, ಬಾದಾಮಿ ಇವೆ. ಮುಚ್ಚಿಡಬೇಕಾದ ಒಗರೇ ಇಲ್ಲದ ಕಡೆ ಮಸಾಲೆ ಇರುವುದು ಬರೀ ಮುಚ್ಚಿಡಲಿಕ್ಕಂತೂ ಅಲ್ಲ.

ಮನೆಯ ಒಲೆಯ ಮುಂದಿನ ಕ್ರಮವನ್ನು ಹತ್ತಿರದಿಂದ ಗಮನಿಸಿದರೆ ಕಷಾಯದ ಹಳೆಯ ಬುದ್ಧಿ ಇನ್ನೂ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಹಸಿಶುಂಠಿಯನ್ನು ಜಜ್ಜಿ ನೀರಿಗೆ ಮೊದಲು ಹಾಕುತ್ತಾರೆ, ಎರಡು ಮೂರು ನಿಮಿಷ ಕುದಿ ಬಂದ ಮೇಲೆ ಪುಡಿ, ಆಮೇಲೆ ಹಾಲು. ಈ ಸರದಿ ತಪ್ಪಿ ಹಸಿಶುಂಠಿಯನ್ನು ಬೆಚ್ಚಗಿನ ಹಾಲಿಗೆ ನೇರ ಹಾಕಿದರೆ ಹಾಲು ಒಡೆಯುತ್ತದೆ. ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ಬೆಚ್ಚಗಿದ್ದಾಗ ಅದಕ್ಕೆ ಚುರುಕು ಹೆಚ್ಚು, ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಇದೇ ಗುಣವನ್ನು ಬಳಸಿಕೊಂಡು, ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಸುರಿದು ಗಿಣ್ಣಿನಂಥ ಸಿಹಿ ಮಾಡುತ್ತಾರೆ. ನಮ್ಮವರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಸರದಿ ಗೊತ್ತಿತ್ತು; ಕಷಾಯದಲ್ಲಿ ಹಾಲು ಯಾವಾಗಲೂ ಕೊನೆಗೆ ಬರುತ್ತಿತ್ತಲ್ಲ. ಏಲಕ್ಕಿಯದು ತದ್ವಿರುದ್ಧ. ಅದರ ಸುವಾಸನೆಯ ಎಣ್ಣೆ ಆವಿಯ ಜೊತೆ ಹೋಗಿಬಿಡುವಂಥದ್ದು, ಹಾಗಾಗಿ ಕುಟ್ಟಾಣಿಯಲ್ಲಿ ಆಗಿಂದಾಗ ಜಜ್ಜಿ, ಇಳಿಸುವ ಮುಂಚೆ ಹಾಕಿ ಮುಚ್ಚಿಡುವವರೇ ಜಾಣರು. ಸಿಪ್ಪೆಯನ್ನು ಮಾತ್ರ ಮೊದಲೇ ಕುದಿಯಲು ಬಿಡುವವರಿದ್ದಾರೆ, ಅದೂ ತಪ್ಪಲ್ಲ. ಒಂದೇ ಪಾತ್ರೆಯಲ್ಲಿ ಶುಂಠಿಗೆ ಕ್ವಾಥದ ನ್ಯಾಯ, ಏಲಕ್ಕಿಗೆ ಫಾಂಟದ ನ್ಯಾಯ ಸಿಗುತ್ತದೆ. ನಿಂಬೆ ಹಿಂಡುವ ಸುಲೇಮಾನಿ ಚಹಾದಲ್ಲಿ ಹಾಲಿಗೆ ಜಾಗವಿಲ್ಲ, ಒಡೆಯುತ್ತದೆ. ಹುಳಿ ತಾಗಿದ ಕೂಡಲೆ ಅದರ ಬಣ್ಣ ತಿಳಿಯಾಗಿ ಹೊನ್ನಿನ ಕಡೆ ವಾಲುತ್ತದೆ. ಕಾಶ್ಮೀರದ ಉಪ್ಪಿನ ಚಹಾಕ್ಕೆ ಸೋಡಾ ಹಾಕುವುದರಿಂದ ಎಲೆಯ ಬಣ್ಣ ಕೆಂಪಿನ ಕಡೆ ತಿರುಗಿ, ಹಾಲು ಬಿದ್ದಾಗ ಗುಲಾಬಿಯಾಗುತ್ತದೆ. ಹಾಲಿನ ಪ್ರೋಟೀನು ಚಹಾದ ಒಗರನ್ನು ಹಿಡಿದು ಕಟ್ಟುವುದರಿಂದ ಕುದಿಸಿದರೂ ನಾಲಿಗೆ ಅಷ್ಟಾಗಿ ಬಿಗಿಯುವುದಿಲ್ಲ. ಗಾಂಧೀಜಿ ಹೆದರಿದ ಟ್ಯಾನಿನ್ನಿಗೆ ಲೋಟದೊಳಗೇ ಒಂದು ಲಗಾಮು ಇತ್ತು ಎನ್ನಬಹುದು.

ರುಚಿ ನೋಡುವ ಕ್ರಮದಲ್ಲೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹರಾಜುಕಟ್ಟೆಯ ಟೀ ಟೇಸ್ಟರ್ ಎಲೆಯನ್ನು ತೂಗಿ, ನೀರನ್ನು ಅಳೆದು, ಗಡಿಯಾರ ನೋಡಿ ಮಾಡಿದ ಚಹಾವನ್ನು ಚಮಚದಲ್ಲಿ ಸೊರ್ರೆಂದು ಎಳೆದು ಉಗುಳುತ್ತಾನೆ. ಅಂತರರಾಷ್ಟ್ರೀಯ ಮಾನದಂಡವೇ ಇದೆ: ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಎಲೆ, ಆರು ನಿಮಿಷ. ಅವನ ಪ್ರಶ್ನೆ ಈ ಎಲೆ ಎಂಥದು ಎಂಬುದು. ಮನೆಯಲ್ಲಿ ಸೌಟಿನಿಂದ ಎತ್ತಿ ಹೊಯ್ದು ಬಣ್ಣ ನೋಡುವವರ ಪ್ರಶ್ನೆ ಬೇರೆ: ಈ ಪಾತ್ರೆ ಹದಕ್ಕೆ ಬಂತೋ ಇಲ್ಲವೋ. ಶುಂಠಿ ಎಳೆಯದಾದರೆ ಇನ್ನೊಂದು ಚೂರು ಬೇಕು, ಹಾಲು ನೀರಾಗಿದ್ದರೆ ಇನ್ನೊಂದು ಕುದಿ ಬೇಕು. ಇಲ್ಲಿ ಎಲೆ ನಾಯಕನಲ್ಲ, ಮೇಳದಲ್ಲಿ ಒಬ್ಬ.

ಚಹಾದ ಶುದ್ಧ ರುಚಿಯನ್ನು ಆರಾಧಿಸುವವರಿಗೆ ಇದೇ ದೊಡ್ಡ ತಕರಾರು. ಪರಿಮಳ ಬೆರೆಸುವುದು ಕಳಪೆ ಎಲೆಯ ಮಾನ ಮುಚ್ಚುವ ಉಪಾಯ ಎನ್ನುತ್ತಾರೆ ಅವರು. ಈ ತಕರಾರು ಚಹಾದಷ್ಟೇ ಹಳೆಯದು, ಅದನ್ನು ಗೌರವದಿಂದಲೇ ಕೇಳಬೇಕು. ಎಂಟನೇ ಶತಮಾನದ ಚೀನಾದಲ್ಲಿ ಚಹಾದ ಮೊದಲ ಶಾಸ್ತ್ರಗ್ರಂಥ ಬರೆದ ಲು ಯು, ಜನ ಈರುಳ್ಳಿ, ಶುಂಠಿ, ಖರ್ಜೂರದಂಥ ಹಣ್ಣು, ಕಿತ್ತಳೆ ಸಿಪ್ಪೆ, ಪುದೀನಗಳನ್ನು ಹಾಕಿ ಚಹಾ ಕುದಿಸುವುದನ್ನು ಕಂಡು ಅದು ಚರಂಡಿಗೆ ಲಾಯಕ್ಕಾದ ನೀರು ಎಂದು ಜರೆದ. ಅವನು ಬೈದ ಪಟ್ಟಿಯಿಂದಲೇ ನಮಗೆ ಗೊತ್ತಾಗುವುದು, ಚಹಾದ ತವರಿನಲ್ಲೂ ಮೊದಲು ಬಂದದ್ದು ಕಷಾಯದ ಪಾತ್ರೆ, ಶುದ್ಧ ಚಹಾ ಆಮೇಲೆ ಹುಟ್ಟಿದ ಅಭಿರುಚಿ. ಹನ್ನೊಂದನೇ ಶತಮಾನದ ಅಧಿಕಾರಿ, ಲಿಪಿಗಾರ ಚೈ ಶಿಯಾಂಗ್ ಇನ್ನೊಂದು ದೂರು ಬರೆದಿಟ್ಟ: ಅರಮನೆಗೆ ಕಾಣಿಕೆ ಹೋಗುವ ಚಹಾಕ್ಕೆ ಪಚ್ಚಕರ್ಪೂರ ಬೆರೆಸುತ್ತಾರೆ, ಎಲೆಗೆ ಅದರದೇ ಪರಿಮಳ ಇರುವಾಗ ಇದು ಯಾಕೆ ಎಂದು. ಮುಂದೆ ಚೀನಾದಲ್ಲಿ ಮಲ್ಲಿಗೆ ಚಹಾ ಒಂದು ಕುಶಲಕಲೆಯಾಗಿಯೇ ಬೆಳೆಯಿತು. ಫುಜಿಯಾನ್ ಪ್ರಾಂತದ ಫೂಝೌನಲ್ಲಿ ಹಗಲು ಬಿಡಿಸಿದ ಮೊಗ್ಗುಗಳನ್ನು ಇರುಳು ಅರಳುವ ಹೊತ್ತಿಗೆ ಎಲೆಯ ಜೊತೆ ಬೆರೆಸಿಟ್ಟು, ಬೆಳಗ್ಗೆ ಹೂವನ್ನು ಜರಡಿ ಹಿಡಿದು ತೆಗೆದು, ಮಾರನೆಯ ಇರುಳು ಹೊಸ ಹೂವಿನಿಂದ ಮತ್ತೆ ಅದೇ ಕೆಲಸ. ಉತ್ತಮ ದರ್ಜೆಗೆ ಹಲವು ಸುತ್ತು. ಇಂಥ ಶ್ರಮವನ್ನು ಯಾರೂ ಕಳಪೆ ಎಲೆಗೆ ಸುರಿಯುವುದಿಲ್ಲ. ಇನ್ನೊಂದು ಕಡೆ, 1837ರಲ್ಲಿ ಲಂಡನ್ನಿನ ವ್ಯಾಪಾರಿ ಸಂಸ್ಥೆಯೊಂದು ಬರ್ಗಮಾಟ್ ಹಣ್ಣಿನ ವಾಸನೆ ಕಟ್ಟಿದ ಚಹಾ ಮಾರಿದ್ದಕ್ಕೆ ಆರೋಪ ಹೊತ್ತುಕೊಂಡಿತ್ತು. ಅದೇ ವಾಸನೆಯ ಚಹಾವನ್ನು ಈಗ ಅರ್ಲ್ ಗ್ರೇ ಎಂಬ ದೊರೆಯ ಹೆಸರಿನಲ್ಲಿ ಜಗತ್ತು ಹೆಚ್ಚಿನ ಬೆಲೆ ಕೊಟ್ಟು ಕುಡಿಯುತ್ತದೆ.

ಹಾಗಾದರೆ ಶುದ್ಧವಾದಿಗಳ ಮಾತಿನಲ್ಲಿ ಸತ್ಯವಿಲ್ಲವೇ? ಇದೆ, ಆದರೆ ಅದು ಪೇಟೆಯ ಸತ್ಯ. ಮೋಸ ಇರುವುದು ಪರಿಮಳದಲ್ಲಲ್ಲ, ಹೇಳದೆ ಬೆರೆಸುವುದರಲ್ಲಿ. ನಮ್ಮ ಕಾನೂನು ಈ ವಿವೇಕವನ್ನು ಚೆನ್ನಾಗಿಯೇ ಹಿಡಿದಿದೆ: ಪರಿಮಳ ಸೇರಿಸಿದ ಚಹಾ ಮಾರುವವರು ಅದನ್ನು ಪೊಟ್ಟಣದ ಮೇಲೆ ಹೇಳಬೇಕು, ಚಹಾ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಚೀನಾದ ಮಲ್ಲಿಗೆಯೂ ಇಂಗ್ಲೆಂಡಿನ ಬರ್ಗಮಾಟೂ ಕಾರ್ಖಾನೆಯಲ್ಲಿ, ಮಾರುವವನ ಕೈಯಲ್ಲಿ ಎಲೆಗೆ ಸೇರಿದವು. ನಮ್ಮ ಶುಂಠಿ ಏಲಕ್ಕಿ ಸೇರಿದ್ದು ಒಲೆಯ ಮೇಲೆ, ಕುಡಿಯುವವರ ಕಣ್ಣೆದುರು. ಇಲ್ಲಿ ಯಾರಿಗೆ ಯಾರು ಮೋಸ ಮಾಡಬೇಕು?

ಇದಕ್ಕಿಂತ ಕಠಿಣವಾದ ಆಕ್ಷೇಪ ನಮ್ಮ ನಾಡಿನ ಒಳಗಿನಿಂದಲೇ ಬರಬಹುದು. ಕಷಾಯದ ಪಾತ್ರೆ ಬಂದ ಪಾನೀಯವನ್ನೆಲ್ಲ ತನ್ನದಾಗಿಸಿಕೊಳ್ಳುವಷ್ಟು ಬಲವಾಗಿದ್ದರೆ, ಅದೇ ಪಾತ್ರೆ ಇದ್ದ ಹಳೆ ಮೈಸೂರಿನಲ್ಲಿ ಕಾಫಿ ಯಾಕೆ ಮಸಾಲೆ ಇಲ್ಲದೆ ಉಳಿಯಿತು? ಅರಬರು ಕಾಫಿಗೂ ಏಲಕ್ಕಿ ಹಾಕುತ್ತಾರೆ. ಬಾಬಾ ಬುಡನ್ ಬೆಟ್ಟದ ಕಾಫಿಗೂ ಅರಬ್ ದೇಶಕ್ಕೂ ಐತಿಹ್ಯದ ನಂಟಿದೆ. ಏಲಕ್ಕಿ ಬೆಳೆಯುವ ಕೊಡಗು, ಸಕಲೇಶಪುರಗಳು ಕಾಫಿಯದೇ ಸೀಮೆ. ಎಲ್ಲ ಅನುಕೂಲವಿದ್ದೂ ಮಸಾಲೆ ಕಾಫಿ ಹುಟ್ಟಲಿಲ್ಲ. ಉತ್ತರ ಇರುವುದು ಫಿಲ್ಟರಿನಲ್ಲಿ. ಹುರಿದ ಕಾಫಿ ಕುದಿದರೆ ಕಹಿಯಾಗುತ್ತದೆ, ಕಂಪು ಕಳೆದುಕೊಳ್ಳುತ್ತದೆ. ಹಿತ್ತಾಳೆಯದೋ ಸ್ಟೀಲಿನದೋ ಫಿಲ್ಟರು ಪುಡಿಯನ್ನು ಒಲೆಯಿಂದ ದೂರ ಇಟ್ಟು, ಬಿಸಿನೀರು ಹನಿಹನಿಯಾಗಿ ಇಳಿಯುವಂತೆ ಮಾಡಿತು. ಹಾಲು ಬೇರೆ ಪಾತ್ರೆಯಲ್ಲಿ ಕಾಯಿತು. ಎರಡೂ ಸೇರಿದ್ದು ಲೋಟದಲ್ಲಿ. ಎಲ್ಲವೂ ಒಟ್ಟಿಗೆ ಕುದಿಯುವ ಪಾತ್ರೆಯೇ ಇಲ್ಲದಿದ್ದಾಗ ಮಸಾಲೆ ಬೀಳುವುದಾದರೂ ಎಲ್ಲಿಗೆ? ಫಿಲ್ಟರು ಬರದ ಮನೆಗಳಲ್ಲಿ, ಬೆಲ್ಲದ ನೀರಿಗೆ ಪುಡಿ ಹಾಕಿ ಕುದಿಸಿ ಬಟ್ಟೆಯಲ್ಲಿ ಸೋಸುವ ಮಲೆನಾಡಿನ ಕಾಫಿಗೆ, ನೆಗಡಿಯಾದಾಗ ಮೆಣಸೂ ಶುಂಠಿಯೂ ಬೀಳುತ್ತಿದ್ದವು. ಈ ಅಪವಾದ ನಮ್ಮ ವಾದಕ್ಕೆ ಬಲವನ್ನೇ ಕೊಡುತ್ತದೆ: ತೀರ್ಮಾನ ಮಾಡುವುದು ಎಲೆಯೋ ಬೀಜವೋ ಅಲ್ಲ, ಪಾತ್ರೆ. ಹುಬ್ಬಳ್ಳಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆ ಚಾ ಕುಡಿಯುವ ಸೀಮೆ ಶುರುವಾಗುತ್ತಿದ್ದಂತೆ ಹಸಿಶುಂಠಿ ಜಜ್ಜುವ ಸದ್ದೂ ಶುರುವಾಗುವುದನ್ನು ಗಮನಿಸಬಹುದು. ಒಂದು ಕಾಲದಲ್ಲಿ ಮುಂಬಯಿಗೂ ಹೈದರಾಬಾದಿಗೂ ಸೇರಿದ್ದ ಈ ಸೀಮೆಗಳಿಗೆ ಎಲೆಯ ರೂಢಿ ಆ ಕಡೆಯಿಂದ ಬಂತು. ಇನ್ನು ಏಲಕ್ಕಿಯನ್ನು ಹಾರ ಮಾಡಿ ಮಾರುವ ಹಾವೇರಿ ಇರುವುದು ಈ ಸೀಮೆಯ ದಾರಿಯಲ್ಲೇ. ಅದರ ಕಾಯಿ ಮಲೆನಾಡಿನದು.

ಕೊನೆಗೆ ಗೆದ್ದವರು ಯಾರು ಎಂದರೆ, ಅಡುಗೆಮನೆ ಎಂದು ಉಬ್ಬಿ ಹೇಳುವ ಹಾಗೂ ಇಲ್ಲ. ಎಲೆ ಮಾರಬೇಕೆಂದವರು ಮಾರಿದರು. ಇವತ್ತು ಭಾರತದಲ್ಲಿ ಬೆಳೆಯುವ ಚಹಾದ ಮುಕ್ಕಾಲಿಗಿಂತ ಹೆಚ್ಚು ಪಾಲು ಇಲ್ಲೇ ಮುಗಿಯುತ್ತದೆ. 1903ರ ಸೆಸ್ ಸಮಿತಿ ಇದಕ್ಕಿಂತ ದೊಡ್ಡ ಫಲವನ್ನು ಬಯಸಿರಲಾರದು. ಮಸಾಲೆಗೆ ಜಾಗವಿಲ್ಲದ ಪಾಠ ಹೇಳಿದ ಉದ್ಯಮವೇ ಈಗ ಮಸಾಲೆ ಚಹಾದ ಪೊಟ್ಟಣವನ್ನು ಮಾಡಿ ಮಾರುತ್ತದೆ, ದಾರ ಕಟ್ಟಿದ ಚೀಲದಲ್ಲಿ ಅದ್ದಿ ತೆಗೆಯುವ ರೂಪದಲ್ಲೂ ಮಾರುತ್ತದೆ. ಆ ಚೀಲದ ಚಹಾ ಯಾಕೋ ಸಪ್ಪೆ ಎನ್ನುವವರು ಹೇಳುತ್ತಿರುವುದು ಸರಿಯೇ. ಒಣಶುಂಠಿ, ಚಕ್ಕೆಗಳು ಮೂರು ನಿಮಿಷದ ಅದ್ದುವಿಕೆಗೆ ತಮ್ಮದನ್ನು ಬಿಟ್ಟುಕೊಡುವ ಜಾತಿಯವಲ್ಲ. ಸೋತದ್ದು ಯಾರು ಎಂದರೆ ಕಷಾಯವೇ. ಚಹಾದ ಎಲೆಯಲ್ಲಿ ಕೆಫೀನ್ ಇದೆ, ಕೊತ್ತಂಬರಿ ಜೀರಿಗೆಯಲ್ಲಿ ಇಲ್ಲ; ಒಮ್ಮೆ ಪಾತ್ರೆಯೊಳಗೆ ಬಂದ ಎಲೆ ದಿನಕ್ಕೆರಡು ಸಲ ಜನ ತನ್ನನ್ನೇ ಕೇಳುವಂತೆ ಮಾಡಿತು, ಕೊತ್ತಂಬರಿ, ಜೀರಿಗೆ, ಮೆಂತೆಗಳನ್ನು ಹೊರಗೆ ಕಳಿಸಿತು, ಶುಂಠಿ ಏಲಕ್ಕಿಗಳನ್ನು ಮಾತ್ರ ಇರಿಸಿಕೊಂಡಿತು. ಕರಾವಳಿಯ ಆಚೆಗೆ ಕಷಾಯ ಜ್ವರ ಬಂದವರ ಪಾಲಿನದಾಯಿತು. 2020ರಲ್ಲಿ ಕೊರೋನಾ ಹರಡಿದಾಗ ಕೇಂದ್ರದ ಆಯುಷ್ ಸಚಿವಾಲಯ ಒಂದು ಕಷಾಯದ ಪುಡಿಯನ್ನು ಸೂಚಿಸಿತು: ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಕಾಳುಮೆಣಸು ಒಂದು. ಬೇಕಿದ್ದರೆ ಬೆಲ್ಲ, ನಿಂಬೆರಸ. ಸೂರತ್ತಿನ ಬನಿಯಾಗಳಿಗೂ ಉತ್ತರ ಕನ್ನಡದ ಮನೆಗಳಿಗೂ ಇದರಲ್ಲಿ ಅಪರಿಚಿತವೆನಿಸುವುದು ಏನೂ ಇರಲಿಲ್ಲ. ಕುಡಿಯುವ ಕ್ರಮವನ್ನು ಜನರಿಗೆ ತಿಳಿಯುವಂತೆ ಹೇಳಬೇಕಾಗಿ ಬಂದಾಗ ಮಾತ್ರ ಸಚಿವಾಲಯ ಅದನ್ನು ಚಹಾದ ಹಾಗೆ ದಿನಕ್ಕೆ ಒಂದೆರಡು ಸಲ ಕುಡಿಯಿರಿ ಎಂದಿತು.